ನುಂಗಿದ ಸೀನು

"ತಾಯಿ, ತನ್ನ ಮೇಲೆ ತನಗೇ ನಂಬಿಕೆ ಇಲ್ಲದವನು ಇನ್ನೊಬ್ಬರ ತಲೆಯ ಮೇಲೆ ಕೈ ಇಡಬಹುದೇ?" ಎಂದು ಚನ್ನವೀರ ಕೇಳಿದ.

ಬರುವ ಸೋಮವಾರ ಅವನನ್ನು ಮಠದ ಪೀಠದಲ್ಲಿ ಕೂರಿಸುವವರಿದ್ದರು. ಊರೆಲ್ಲ ತೋರಣ ಕಟ್ಟುತ್ತಿತ್ತು. ಅವನು ಮಾತ್ರ ಊರು ಬಿಟ್ಟು ಹೋಗುವವನಂತೆ ಬಗಲಲ್ಲಿ ಒಂದು ಬಟ್ಟೆಬರೆಯ ಚೀಲ ಒತ್ತಿಕೊಂಡು, ಚಿಕ್ಕಂದಿನಲ್ಲಿ ತನಗೆ ಹಾಡು ಕಲಿಸಿದ ಗುರುತಾಯಿ ನೀಲವ್ವನವರ ಮುಂದೆ ಬಂದು ಕೂತಿದ್ದ. ನೀಲವ್ವನವರು ಶಾಲೆ ಕಂಡದ್ದು ಎರಡನೆಯ ಇಯತ್ತೆಯವರೆಗೆ. ಊರು ಕಂಡದ್ದು ಪೂರ್ತಿ. ಅವರು ಚೀಲವನ್ನು ನೋಡಿದರು. ಅದರ ಮಾತೆತ್ತಲಿಲ್ಲ. ಎಲೆಗೆ ಸುಣ್ಣ ಸವರುತ್ತ ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಸ್ವಾಮಿ ಇದ್ದ. ಯಾವ ಊರು, ಯಾವ ಸ್ವಾಮಿ ಎಂದು ಕೇಳಬೇಡ. ನನಗೆ ಗೊತ್ತು, ಹೇಳುವುದಿಲ್ಲ.

ಅವನು ಸ್ವಾಮಿಯಾಗಲು ಬಂದವನೇ ಅಲ್ಲ. ಹಿರಿಯ ಸ್ವಾಮಿಗಳಿಗೆ ನೀರು ಕಾಯಿಸಿಕೊಟ್ಟು, ಹಾಸಿಗೆ ಹಾಸಿಕೊಟ್ಟು, ಮಠದಲ್ಲಿ ಉಳಿದದ್ದನ್ನು ಉಂಡು ಒಂದು ಮೂಲೆಯಲ್ಲಿ ಬಿದ್ದುಕೊಳ್ಳುತ್ತಿದ್ದವನು. ಹಿರಿಯರ ಕೊನೆಗಾಲ ಬಂತು. ಊರಿನ ದೊಡ್ಡವರೆಲ್ಲ ಹಾಸಿಗೆಯ ಸುತ್ತ ನಿಂತು, "ನಿಮ್ಮ ಹಿಂದ ಯಾರ್ರೀ?" ಎಂದು ಕೇಳಿದರು. ಹಿರಿಯರಿಗೆ ಮಾತು ಹೊರಡಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದರು. ಬೆರಳಿನ ನೇರಕ್ಕೆ ಇವನು ನಿಂತಿದ್ದ.

ಎಲ್ಲರೂ ಅವನ ಕಾಲಿಗೆ ಬಿದ್ದರು. ಅವನಿಗೆ ಗೊತ್ತಿತ್ತು. ಬೆರಳು ತೋರಿಸಿದ್ದು ತನ್ನನ್ನಲ್ಲ, ತನ್ನ ಬೆನ್ನ ಹಿಂದಿನ ಗೋಡೆಯ ಗೂಡಿನಲ್ಲಿದ್ದ ನೀರಿನ ತಂಬಿಗೆಯನ್ನು. ಆ ಬೆರಳಿಗೆ ವರ್ಷಗಟ್ಟಲೆ ನೀರು ಕೊಟ್ಟವನಿಗೆ ಅಷ್ಟು ತಿಳಿಯದೇ? ಅವನು ತಿರುಗಿ ತಂಬಿಗೆ ತಂದ. ಹಿರಿಯರ ಬಾಯಿಗೆ ಒಂದು ಗುಟುಕು ನೀರು ಬಿಟ್ಟ. ಹಿರಿಯರು ಕುಡಿದು ಕಣ್ಣು ಮುಚ್ಚಿದರು. ಜನ ಅದನ್ನೂ ಒಪ್ಪಿಗೆ ಎಂದೇ ತಿಳಿದರು. "ನಾನಲ್ಲ" ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಹಾರಗಳು ಬಿದ್ದವು. ಹಾರ ಬಾಯಿಯ ಮಟ್ಟಕ್ಕೆ ಬಂತು. ಮಾತು ಹಾರದೊಳಗೇ ಉಳಿಯಿತು.

ಆ ಮಠದಲ್ಲಿ ಒಂದು ಪದ್ಧತಿ. ಶ್ರಾವಣ ಬಂತೆಂದರೆ ಸ್ವಾಮಿ ಜೋಳಿಗೆ ಹಿಡಿದು ಪಲ್ಲಕ್ಕಿಯಲ್ಲಿ ಮನೆ ಮನೆಯ ಬಾಗಿಲಿಗೆ ಹೋಗಬೇಕು. ಹಿಟ್ಟು ಕೇಳುವುದಿಲ್ಲ, ಕಾಳು ಕೇಳುವುದಿಲ್ಲ. "ನಿಮ್ಮ ಕೆಟ್ಟ ಚಟವನ್ನು ಇದರಲ್ಲಿ ಹಾಕಿ" ಎಂದು ಕೇಳುತ್ತಾನೆ. ಬೀಡಿ ಸೇದುವವನು ಬೀಡಿಯ ಕಟ್ಟು ಹಾಕುತ್ತಾನೆ. ಇಸ್ಪೀಟು ಆಡುವವನು ಎಲೆ ಹಾಕುತ್ತಾನೆ. ಒಬ್ಬ ದೊಡ್ಡ ಮನುಷ್ಯ ಏನು ಹಾಕಿದ ಎಂದು ನಾನು ಹೇಳಬಾರದು, ಅವನ ಹೆಂಡತಿ ಇನ್ನೂ ಬದುಕಿದ್ದಾಳೆ. ಒಮ್ಮೆ ಹಾಕಿದ್ದನ್ನು ಮತ್ತೆ ಮುಟ್ಟುವ ಹಾಗಿಲ್ಲ. ತಿಂಗಳು ಮುಗಿದ ಮೇಲೆ ಸ್ವಾಮಿ ಎಲ್ಲವನ್ನೂ ಹೊಳೆಗೆ ಬಿಡಬೇಕು.

ಒಂದು ಶ್ರಾವಣದಲ್ಲಿ ಒಬ್ಬ ಮುದುಕಿ ತನ್ನ ಹಿತ್ತಾಳೆಯ ನಶ್ಯದ ಡಬ್ಬಿ ಹಾಕಿದಳು. ನಶ್ಯಕ್ಕೆ ಲವಂಗ ಅರೆದು ಬೆರೆಸುತ್ತಿದ್ದವಳು ಅವಳೊಬ್ಬಳೇ. ಮದುವೆಯಾಗಿ ಬಂದಾಗಿನಿಂದ ಸೊಂಟದಲ್ಲಿದ್ದ ಡಬ್ಬಿ. ಗಂಡ ಹೋದಾಗಲೂ ಅಷ್ಟು ಅಳಲಿಲ್ಲ ಎಂದು ಜನ ಆಡಿಕೊಂಡರು. ಜನರಿಗೇನು.

ಅದೇ ವಾರ ಬೀಡಿ ಬಿಟ್ಟವನೊಬ್ಬ ಮಠಕ್ಕೆ ಬಂದು ಸ್ವಾಮಿಯ ಕಾಲು ಹಿಡಿದು ಅತ್ತ. "ನೀವು ಬೇಡಿದ್ರಿ ಅಂತ ಬಿಟ್ಟೆನ್ರಿ ಅಪ್ಪಾರ" ಎಂದ. ಅವನು ಹೋದ ಮೇಲೆ ಸ್ವಾಮಿಗೆ ತಲೆ ಸಿಡಿಯತೊಡಗಿತು. ತಂಬಿಗೆಗೆ ಬರಬೇಕಾದ ನಮಸ್ಕಾರ ತನಗೆ ಬರುತ್ತಿದೆ ಎನಿಸಿತು. ಜೋಳಿಗೆ ಪಕ್ಕದಲ್ಲೇ ಇತ್ತು. ಡಬ್ಬಿ ತೆಗೆದ. ಒಂದು ಚಿಟಿಕೆ ಏರಿಸಿದ. ತಲೆ ಹಗುರಾಯಿತು, ಮನಸ್ಸು ಭಾರವಾಯಿತು. ಮನಸ್ಸಿನ ಭಾರಕ್ಕೆ ಇನ್ನೊಂದು ಚಿಟಿಕೆ. ತಿಂಗಳ ಕೊನೆಗೆ ಊರಿನ ಚಟಗಳೆಲ್ಲ ಹೊಳೆಗೆ ಹೋದವು. ಡಬ್ಬಿ ಮಾತ್ರ ಮಠದಲ್ಲೇ ಉಳಿಯಿತು.

ನಶ್ಯ ಏರಿಸಿದವನಿಗೆ ಸೀನು ಬಾರದೇ ಇರುತ್ತದೆಯೇ? ಭಕ್ತರ ಮುಂದೆಯೇ ಬಂತು. ಒಂಟಿ ಸೀನು ಕೇಡು, ಜೋಡಿ ಸೀನು ಒಳ್ಳೆಯದು ಎಂದು ನಮ್ಮ ಜನರಿಗೆ ಹೇಳಿಕೊಡಬೇಕೇ? ಎಮ್ಮೆ ಕೊಳ್ಳುವವನು, ಬಾವಿ ತೋಡಿಸುವವನು, ಮಗಳನ್ನು ಕೊಡುವವನು, ಎಲ್ಲರೂ ಬಂದು ಸ್ವಾಮಿಯ ಮೂಗು ನೋಡುತ್ತ ಕೂರತೊಡಗಿದರು. ಅವನ ಮುಖವನ್ನು ಯಾರೂ ನೋಡಲಿಲ್ಲ. ಅದು ದೇವರಲ್ಲ, ನಶ್ಯ ಎಂದು ಹೇಳಬೇಕೆಂದರೆ ಡಬ್ಬಿಯನ್ನೂ ತೋರಿಸಬೇಕು. ಅವನು ಡಬ್ಬಿಯನ್ನು ಶಾಲಿನೊಳಗೆ ಇನ್ನಷ್ಟು ಒಳಕ್ಕೆ ಸರಿಸಿದ.

ಆ ಮುದುಕಿಗೆ ಒಬ್ಬಳು ಮೊಮ್ಮಗಳಿದ್ದಳು. ತಂದೆ ತಾಯಿ ಇಲ್ಲದ ಹುಡುಗಿ. ಒಬ್ಬ ಬೆಲ್ಲದ ವ್ಯಾಪಾರಿ ತನ್ನ ಮಗನಿಗೆ ಅವಳನ್ನು ಕೇಳಿದ್ದ. ಹುಡುಗಿಗೂ ಮನಸ್ಸಿತ್ತು. ಎರಡು ಮನೆಯವರೂ ಎಲೆ ಅಡಿಕೆಯ ತಟ್ಟೆ ಹಿಡಿದು ಮಠಕ್ಕೆ ಬಂದರು. "ಅಪ್ಪಾರ, ಈ ಸಂಬಂಧ ಕೂಡಸಬಹುದೇನ್ರಿ?" ಎಂದು ವ್ಯಾಪಾರಿ ಕೇಳಿದ.

ಸ್ವಾಮಿ ಸೀನಿದ. ಎರಡನೆಯದೂ ಮೂಗಿನ ತುದಿಗೆ ಬಂದಿತ್ತು. ಅಷ್ಟರಲ್ಲಿ ಮುಂದೆ ಕೂತಿದ್ದ ಮುದುಕಿ ತಲೆ ಎತ್ತಿ ಗಾಳಿ ಮೂಸಿದಳು. ಲವಂಗದ ವಾಸನೆ ಅವಳಿಗೆ ಬಡಿದದ್ದನ್ನು ಸ್ವಾಮಿ ಕಂಡ. ಶಾಲಿನಿಂದ ಮೂಗು ಹಿಡಿದು ಆ ಸೀನನ್ನು ನುಂಗಿಬಿಟ್ಟ. ವ್ಯಾಪಾರಿ ಕಾದ. ಮತ್ತೂ ಕಾದ. ಕೊನೆಗೆ ತಟ್ಟೆ ಎತ್ತಿಕೊಂಡು ಚಪ್ಪಲಿ ಮೆಟ್ಟಿದ.

ಊರಿಗೆ ಇನ್ನೇನು ಬೇಕು? ಅಪ್ಪನವರಿಗೆ ಹುಡುಗಿಯಲ್ಲಿ ಏನೋ ಕಂಡಿದೆ ಎಂದರು. ಮೊದಲು ಕಾಲು ಕುಂಟು ಎಂದರು. ಕಾಲು ನೆಟ್ಟಗಿತ್ತು. ಹಾಗಾದರೆ ನಡತೆ ಕುಂಟು ಎಂದರು. ಹುಡುಗಿ ನೀರಿಗೆ ಹೋಗುವುದನ್ನು ಬಿಟ್ಟಳು. ಈ ಮಾತು ಮಠದ ಹೊಸ್ತಿಲು ದಾಟಿ ಒಳಗೆ ಬಂದ ದಿನ ಸ್ವಾಮಿ ಉಣ್ಣದೆ ತಟ್ಟೆ ಬಿಟ್ಟು ಎದ್ದ. ಪೀಠ ಬಿಟ್ಟು ಹೋಗುವುದೆಂದು ನಿಶ್ಚಯ ಮಾಡಿದ. ಡಬ್ಬಿ ಹಿಡಿದು ಹೊರಟ. ಮೊದಲು ಮುದುಕಿಯ ಮನೆಗೆ ಹೋದ.

ಮುದುಕಿ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. "ನಡಕೊಂತ ಬಂದ್ರೇನ್ರಿ ಅಪ್ಪಾರ? ಪಲ್ಲಕ್ಕಿ ಹೊರಾವ್ರಿಗೆ ಜ್ವರಾನೇನು?" ಎಂದಳು.

ಅವನು ಡಬ್ಬಿಯನ್ನು ಅವಳ ಮುಂದೆ ಇಟ್ಟ. "ನಿನ್ನ ಮೊಮ್ಮಗಳ ಸಂಬಂಧ ಮುರಿದದ್ದು ದೇವರಲ್ಲ ತಾಯಿ, ಇದು. ಎರಡನೆಯ ಸೀನೂ ಬಂದಿತ್ತು. ನಿನ್ನ ಮೂಗಿಗೆ ಹೆದರಿ ನುಂಗಿದೆ."

ಮುದುಕಿ ಡಬ್ಬಿ ನೋಡಿದಳು. ಮುಟ್ಟಲಿಲ್ಲ. "ಲವಂಗದ ವಾಸನಿ ಬಂದಾಗ ನನ್ನ ಚಟಾನೇ ನನ್ನ ಬೆನ್ನ ಹತ್ತಿ ಮಠದ ತನಕ ಬಂತು ಅಂತ ತಿಳದೆ. ಅವತ್ತಿಂದ ನನಗ ನಾನೇ ಬೈಕೊಳ್ಳಾಕತ್ತೇನಿ."

"ನಾನು ಸ್ವಾಮಿಯೇ ಅಲ್ಲ" ಎಂದ ಅವನು. "ಹಿರಿಯರು ತೋರಿಸಿದ್ದು ನನ್ನನ್ನಲ್ಲ, ನನ್ನ ಹಿಂದಿನ ತಂಬಿಗೆಯನ್ನು. ನಾನು ಹೋಗುತ್ತೇನೆ."

"ತಂಬಿಗಿ ತಾನಾಗೇ ಎದ್ದು ಹೋತೇನ್ರಿ ಅವರ ಬಾಯಿಗೆ?"

"ಇಲ್ಲ."

"ಕುಡಿಸಿದಾವ್ರು ಯಾರು?"

"ನಾನು."

"ಮತ್ತ?" ಎಂದಳು ಮುದುಕಿ. ಸೆರಗಿನ ಧೂಳು ಝಾಡಿಸಿ ಎದ್ದಳು. "ಹೋಗಾವ್ರು ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಹೋಗೂ ಮೊದಲ, ಆ ನುಂಗಿದ್ದನ್ನ ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟು ಹೋಗ್ರಿ."

ಅವನು ಡಬ್ಬಿ ಎತ್ತಿಕೊಂಡ. ಅವನು ಮುಂದೆ, ಅವಳು ಹಿಂದೆ, ಬೆಲ್ಲದ ಅಂಗಡಿಗೆ ನಡೆದರು. ಸ್ವಾಮಿ ಬರಿಗಾಲಲ್ಲಿ ನಡೆದು ಹೋಗುವುದನ್ನು ಕಂಡು ಊರು ಹಿಂದೆ ಬಿತ್ತು. ಹಸಿಮೈ ಬಾಣಂತಿಯೂ ಬಾಗಿಲಿಗೆ ಬಂದು ನೋಡಿದಳಂತೆ.

ಸ್ವಾಮಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕಾಣುವಂತೆ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿದ. "ನನ್ನ ಮೂಗಿನಲ್ಲಿ ದೇವರಿಲ್ಲ, ನಶ್ಯ ಇದೆ" ಎಂದ. "ಜೋಳಿಗೆಯಿಂದ ಕದ್ದದ್ದು. ಹುಡುಗಿಯಲ್ಲಿ ಏನೂ ಕೊರತೆಯಿಲ್ಲ. ಕೊರತೆ ನನ್ನದು." ಅಷ್ಟು ಹೇಳುವುದರೊಳಗೆ ಸೀನು ಹಿಡಿಯಿತು. ಒಂದರ ಮೇಲೊಂದು ಬಂತು.

ಯಾರೂ ನಗಲಿಲ್ಲ. ಬೀಡಿ ಬಿಟ್ಟವನು ಮುಂದೆ ಬಂದ. ಅವನ ಮುಖ ಸಪ್ಪಗಾಗಿತ್ತು. "ಹಂಗಾದ್ರ ನಾ ಬೀಡಿ ಬಿಟ್ಟದ್ದು ಸುಳ್ಳ ಆತೇನ್ರಿ?" ಎಂದ.

ಮುದುಕಿ ಬೀಡಿಯವನ ಕಡೆ ತಿರುಗಿದಳು. "ಕೆಮ್ಮು ನಿಂತೈತೋ ಇಲ್ಲೋ?"

"ನಿಂತೈತಿ."

"ಮತ್ಯಾಕ ಅಳ್ತಿ? ಜೋಳಿಗಿ ತೂತ ಇದ್ರ ನೀ ಹಾಕಿದ್ದು ಹಾಕಿಲ್ಲ ಅಂತ ಆಗತೈತೇನು?"

ಆಗ ಜನರಿಗೆ ನಗು ಬಂತು. ಬೀಡಿಯವನೇ ಮೊದಲು ನಕ್ಕ. ವ್ಯಾಪಾರಿ ನಾಚಿಕೊಂಡು ಒಳಗೆ ಹೋಗಿ ಎಲೆ ಅಡಿಕೆಯ ತಟ್ಟೆ ತಂದ. ಅವನು ಅಷ್ಟು ಹೊತ್ತೂ ಬೆರಳು ಮಡಚಿ ಸೀನು ಎಣಿಸುತ್ತಿದ್ದ, ಜೋಡಿಗೆ ಬಂದದ್ದರಿಂದಲೇ ಒಪ್ಪಿದ ಎಂದು ಪಕ್ಕದ ಅಂಗಡಿಯವನು ಹೇಳುತ್ತಾನೆ. ನಾನು ನಂಬುತ್ತೇನೆ.

ಸ್ವಾಮಿ ಕಟ್ಟೆಯಿಂದ ಇಳಿದು ಊರ ಹೊರಗಿನ ದಾರಿ ಹಿಡಿಯಲು ತಿರುಗಿದ. ಮುದುಕಿ ಅಡ್ಡ ಬಂದಳು. ಎರಡೂ ಕೈಯಲ್ಲಿ ಸೆರಗು ಹಿಡಿದು ಅವನ ಮುಂದೆ ಒಡ್ಡಿದಳು.

"ಶ್ರಾವಣ ಶ್ರಾವಣಕ್ಕ ನಮ್ಮದು ನೀವು ಬೇಡಿದ್ರಿ" ಎಂದಳು. "ನಿಮ್ಮದು ಬೇಡಾವ್ರು ಯಾರೂ ಬರಲಿಲ್ಲ. ನಮಗ ಹೊಳೀಲಿಲ್ಲ. ಹಾಕ್ರಿ."

ಅವನು ಡಬ್ಬಿ ಹಿಡಿದ ಕೈಯನ್ನು ಸೆರಗಿನ ಮೇಲೆ ಚಾಚಿದ. ಡಬ್ಬಿಯಲ್ಲಿ ತಳ ಕಾಣುತ್ತಿತ್ತು, ಭಾರವೇನೂ ಇರಲಿಲ್ಲ. ಆದರೂ ಕೈ ಬಿಡಲೊಲ್ಲದು. ಇಷ್ಟು ವರ್ಷ ಬಾಗಿಲು ಬಾಗಿಲಿಗೆ ನಿಂತು ಜನರ ಹತ್ತಿರ ತಾನು ಬೇಡಿದ್ದು ಎಂಥದ್ದು ಎಂದು ಅವನಿಗೆ ತಿಳಿದದ್ದು ಆಗ. ಮುದುಕಿ ಅವಸರ ಮಾಡಲಿಲ್ಲ. ಸೆರಗು ಒಡ್ಡಿಕೊಂಡೇ ನಿಂತಳು. ಕೊನೆಗೆ ಡಬ್ಬಿ ಸೆರಗಿಗೆ ಬಿತ್ತು. ಮುದುಕಿ ಗಂಟು ಹಾಕಿಕೊಂಡು ಹೊಳೆಯ ಕಡೆ ಹೋದಳು. ದಾರಿಯಲ್ಲಿ ಒಮ್ಮೆಯಾದರೂ ಮೂಸಿರಬೇಕು. ಮೂಸಲಿ ಪಾಪ.

ನೀಲವ್ವನವರು ಇಲ್ಲಿಗೆ ನಿಲ್ಲಿಸಿದರು. ಸುಣ್ಣ ಸವರಿದ ಎಲೆ ಕೈಯಲ್ಲೇ ಒಣಗಿತ್ತು.

"ಆಮೇಲೆ ಆ ಸ್ವಾಮಿ ಹೋದರೋ, ಉಳಿದರೋ ತಾಯಿ?" ಎಂದು ಚನ್ನವೀರ ಕೇಳಿದ.

ನೀಲವ್ವನವರು ಎಲೆಯನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಸೆರಗು ಹಿಡಿದು ಅವನ ಮುಂದೆ ಒಡ್ಡಿದರು.

"ಅದರ ಉತ್ತರ ನಿನ್ನ ಬಗಲ ಚೀಲದಲ್ಲಿದೆ, ಅದನ್ನು ಇದರಲ್ಲಿ ಹಾಕು."