ಡ್ರೈಯರಿನ ಕುಜದೋಷ

ಒಂದಾನೊಂದು ಊರಿನಲ್ಲಿ, ಬಿಸಿ ಅಂಗಿ ತೊಡದೆ ಸಿಂಹಾಸನ ಏರದ ಒಬ್ಬ ರಾಜನಿದ್ದ. ಅವನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವಳು ತುಂಗಮ್ಮ. ಜಾತಕದಲ್ಲಿ ಕುಜದೋಷವಿದ್ದುದರಿಂದ ಅವಳನ್ನು ಯಾರೂ ಮದುವೆಯಾಗಿರಲಿಲ್ಲ. ಹಾಗಾಗಿ ಅವಳು ಸುಖವಾಗಿದ್ದಳು.

ಒಂದು ಬೆಳಿಗ್ಗೆ ಅರಮನೆಯಲ್ಲಿ ಬಟ್ಟೆ ಒಣಗಿಸುವ ಹಳೆಯ ಡ್ರೈಯರು ತಿರುಗಿತು, ತಿರುಗಿತು, ಬಿಸಿಯಾಗಲಿಲ್ಲ.

"ಏನಯ್ಯಾ ನಿನ್ನ ಸಮಾಚಾರ?" ಎಂದಳು ತುಂಗಮ್ಮ.

"ರಾಜರ ಅಂಗಿಯ ತೋಳು ಸ್ವಲ್ಪ ಕಂದಿಸಿದೆನೆಂದು ಜೋಯಿಸರು ನನಗೆ ಕುಜಶಾಂತಿ ಮಾಡಿಸಿದರಲ್ಲ. ಕುಜನ ಕಾವು ಇಳಿದು ಅಂದಿನಿಂದ ಮನಸ್ಸಿಗೆ ಬಹಳ ನೆಮ್ಮದಿ," ಎಂದಿತು ಡ್ರೈಯರು.

ರಿಪೇರಿಯವನು ಬಂದ. ಬಿಚ್ಚಿದ, ನೋಡಿದ, ಮುಚ್ಚಿದ. "ಕಾಯಿಲು ಸರಿಯಿದೆ. ತಂತಿ ಸರಿಯಿದೆ. ಗ್ರಹಚಾರವೂ ಸರಿಹೋಗಿಬಿಟ್ಟಿದೆ. ಅದೇ ತೊಂದರೆ."

ರಾಜ ಜಮಖಾನ ಹೊದ್ದು ಜೋಯಿಸರನ್ನು ಕರೆಸಿದ.

"ದೋಷವನ್ನು ಹೊಸದಾಗಿ ಮಾಡಲು ಬರುವುದಿಲ್ಲ ಪ್ರಭು. ಇದ್ದವರಿಂದ ತೆಗೆದು ಇದಕ್ಕೆ ಹಾಕಬಹುದು," ಎಂದರು ಜೋಯಿಸರು.

ಎಲ್ಲರೂ ತುಂಗಮ್ಮನನ್ನು ನೋಡಿದರು.

"ಕೊಡುವುದಿಲ್ಲ. ಅದು ನನ್ನ ತವರಿನಿಂದ ಬಂದದ್ದು."

"ಹಾಗಾದರೆ ಕೆಲಸ ಬಿಡು," ಎಂದ ರಾಜ.

ತುಂಗಮ್ಮ ಕೊಟ್ಟಳು. ಜೋಯಿಸರು ದೋಷವನ್ನು ವೀಳ್ಯದೆಲೆಯಲ್ಲಿ ಹಿಡಿದು ಡ್ರೈಯರಿಗೆ ಹಾಕಿದರು. ಡ್ರೈಯರು ಬಿಸಿಯಾಯಿತು. ರಾಜ ಅಂಗಿ ತೊಟ್ಟು ಸಿಂಹಾಸನ ಏರಿದ.

ಸಂಜೆಯ ಹೊತ್ತಿಗೆ ತುಂಗಮ್ಮನ ಪಡಸಾಲೆಯಲ್ಲಿ ಗಂಡಿನ ಕಡೆಯವರು ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅವರ ಹಿಂದೆ ಇನ್ನೊಂದು ಗಂಡಿನ ಕಡೆಯವರು. ಅವರ ಹಿಂದೆ ಮತ್ತೊಂದು.

"ಹುಡುಗಿಗೆ ಹಾಡು ಬರುತ್ತದೆಯೇ?"

"ಬರುತ್ತದೆ. ಹಾಡುವುದಿಲ್ಲ."

"ಪರವಾಗಿಲ್ಲಮ್ಮ. ದೋಷವಿಲ್ಲವಲ್ಲ, ಅಷ್ಟು ಸಾಕು."

ತುಂಗಮ್ಮ ಹಿತ್ತಲ ಬಾಗಿಲಿನಿಂದ ಅರಮನೆಗೆ ಓಡಿದಳು. "ನನ್ನ ದೋಷ ನನಗೆ ಕೊಟ್ಟುಬಿಡಪ್ಪ."

"ಕೊಟ್ಟರೆ ರಾಜರಿಗೆ ನೆಗಡಿ. ಕೊಡದಿದ್ದರೆ ನಿಮಗೆ ಮದುವೆ. ನಾನಾದರೂ ಏನು ಮಾಡಲಿ ತುಂಗಮ್ಮನವರೇ?" ಎಂದಿತು ಡ್ರೈಯರು.

ಜೋಯಿಸರು ಪಂಚಾಂಗ ತಿರುವಿದರು. "ಒಂದೇ ದೋಷ ಇಬ್ಬರಿಗೂ ಇರಬೇಕೆಂದರೆ ಅವರು ಗಂಡಹೆಂಡತಿಯಾಗಿರಬೇಕು. ಆಗ ಅದು ಜಂಟಿ ಆಸ್ತಿ."

ತುಂಗಮ್ಮ ಡ್ರೈಯರನ್ನು ಮೇಲಿಂದ ಕೆಳಗೆ ನೋಡಿದಳು. "ಇವರು ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ ಕೇಳುತ್ತಾರೆಯೇ?"

"ಇಲ್ಲ."

"ಅತ್ತೆ?"

"ಇಲ್ಲ. ಕಾರ್ಖಾನೆಯಲ್ಲಿ ಹುಟ್ಟಿದವರು."

ಅಲ್ಲೇ ಧಾರೆಯಾಯಿತು. ಪಡಸಾಲೆಯಲ್ಲಿ ಕೂತವರು ಇನ್ನೂ ಕೇಸರಿಭಾತಿಗೆ ಕಾಯುತ್ತಿದ್ದರು. ತುಂಗಮ್ಮ ತಲೆಯ ಮೇಲಿನ ಅಕ್ಷತೆ ಸಮೇತ ಬಂದು ಬಾಗಿಲಲ್ಲಿ ನಿಂತಳು.

"ಕೈ ತೊಳೆದುಕೊಂಡು ಹೊರಡಿ. ನಮ್ಮ ಯಜಮಾನರು ರಾಜರ ಅಂಗಿ ಒಣಗಿಸುತ್ತಿದ್ದಾರೆ. ಅವರಿಗೆ ಗದ್ದಲ ಆಗುವುದಿಲ್ಲ."

ಎಲ್ಲರೂ ಕೈ ತೊಳೆದುಕೊಂಡು ಹೊರಟರು.

ಆದ್ದರಿಂದ ಮಕ್ಕಳೇ, ಯಂತ್ರಗಳಿಗೆ ಶಾಂತಿ ಮಾಡಿಸಬಾರದು. ಕತೆ ಒಣಗಿತು, ಮಡಿಸಿಡಿ.