ಭರಮ ಭಟ್ಟಿಯ ಆಳು ಎಣಿಸಿದ್ದು

ಒಂದೂರಲ್ಲಿ ದುರುಗವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಭರಮ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಹಾಲು ನೋಡ್ಕೋ" ಅಂದರೆ, ಅದು ಉಕ್ಕಿ ಒಲೆಗೆ ಹರಿಯೋದನ್ನೂ ನೋಡುತ್ತಾ ಕೂರುವವನು! ಅವ್ವ ಹಣೆ ಹಣೆ ಚಚ್ಚಿಕೊಂಡಳು. ಕೊನೆಗೆ ಸಾವ್ಕಾರ ಚನ್ನವೀರಪ್ಪನ ಮಂಡಕ್ಕಿ ಭಟ್ಟಿಗೆ ಸೇರಿಸಿದಳು. "ಸಾವ್ಕಾರ್ರು ಹೇಳಿದಷ್ಟೇ ಮಾಡು. ಈ ಕೆಲಸಾನೂ ಹೋದ್ರೆ ನಮಗೆ ಕೂಳಿಲ್ಲ!"

ಸಾವ್ಕಾರನಿಗೆ ಒಂದೇ ಚಿಂತೆ. ಭಟ್ಟಿಯಲ್ಲಿ ಆಳು ನಿಲ್ಲುತ್ತಿರಲಿಲ್ಲ. ಇವತ್ತು ಬಂದವರು ನಾಳೆ ಇಲ್ಲ.

"ಲೋ ಭರಮ, ಬಾಗಿಲಲ್ಲಿ ಕೂತು ಎಷ್ಟು ಜನ ಹೋಗ್ತಾರೆ ಎಣಿಸು!"

ಎಣಿಸಿದ. ಟೀಗೆ ಹೋದವರು, ಊಟಕ್ಕೆ ಹೋದವರು, ಎಲೆಯಡಿಕೆ ಉಗಿಯೋಕೆ ಹೋದವರು, ಎಲ್ಲರನ್ನೂ ಎಣಿಸಿದ. "ಇರೋರಿಗಿಂತ ಹೋದೋರೇ ಜಾಸ್ತಿ, ಸಾವ್ಕಾರ್ರೇ!"

"ಥೂ ಮುಠ್ಠಾಳ! ಹೋಗಿ ವಾಪಸ್ ಬಾರದೋರನ್ನ ಎಣಿಸೋ!"

ಆಗಲಿ ಅಂದ. ಮಂಡಕ್ಕಿ ಕೊಂಡು ಹೋದ ಗಿರಾಕಿಯನ್ನು ಎಣಿಸಿದ. ಬೀದಿಯಲ್ಲಿ ಹಾದು ಹೋದ ಹೆಣವನ್ನೂ ಎಣಿಸಿದ. "ಅದಂತೂ ಖಂಡಿತ ವಾಪಸ್ ಬರಲ್ಲ!"

"ಅಯ್ಯೋ ಪೆದ್ದೇ! ನಮ್ಮ ಆಳು ಕಣೋ, ಆಳು! ಯಾಕೆ ಬಿಟ್ಟು ಹೋಗ್ತೀರಿ ಅಂತ ಅವರನ್ನ ಕೇಳೋ!"

ಕೇಳಿದ. ಭಟ್ಟಿ ಮುಂದೆ ಸುಮ್ಮನೆ ಮಂಡಕ್ಕಿ ಹುರಿಯುತ್ತಿದ್ದವರನ್ನೆಲ್ಲ ಕೇಳಿದ. "ಅಕ್ಕಾ, ಯಾಕೆ ಬಿಟ್ಟು ಹೋಗ್ತೀರಿ?"

"ಅಯ್ಯೋ, ನಮ್ಮನ್ನ ಕೆಲಸದಿಂದ ತೆಗೆದ್ರಾ!" ಅಂತ ಎಲ್ಲರೂ ಎದ್ದು ಮನೆಗೆ ನಡೆದರು. ಭಟ್ಟಿ ಆರಿತು.

ಸುದ್ದಿ ಕೇಳಿ ಅವ್ವ ಬೈದಳು. "ಕೂತೋರನ್ನಲ್ಲವೋ, ಗಂಟು ಕಟ್ಟಿಕೊಂಡು ಹೊರಟೋರನ್ನ ಕೇಳಬೇಕು!"

ಸಾವ್ಕಾರ ಮನೆ ಮನೆಗೆ ಹೋಗಿ ಆಳುಗಳನ್ನು ಕರೆತಂದ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಹಸೀನಾಬಿ ಮಧ್ಯಾಹ್ನಕ್ಕೇ ಗಂಟು ಕಟ್ಟಿದಳು. ಭರಮ ಅಡ್ಡ ನಿಂತು ಕೇಳಿದ. "ಬೂಬಮ್ಮಾ, ಯಾಕೆ?"

"ಭಟ್ಟಿ ಬೆಂಕಿ ತಡ್ಕೋತೀನಿ ಕಣಪ್ಪ. ಸಾವ್ಕಾರನ್ನ ತಡ್ಕೊಳ್ಳೋಕಾಗಲ್ಲ. ಬಾಯಿ ತೆಗೆದ್ರೆ ಬೈಗುಳ. ಎಲ್ಲಾರೂ ಹೋಗಿದ್ದು ಅವನ ಕಾರಣಕ್ಕೇ!"

ಭರಮ ಓಡಿದ. "ಸಾವ್ಕಾರ್ರೇ! ಕಾರಣ ಸಿಕ್ತು!"

ಸಾವ್ಕಾರ ಮಂಡಕ್ಕಿ ಅಳೆಯುತ್ತಿದ್ದ, ತಲೆ ಎತ್ತಲಿಲ್ಲ. "ಸಿಕ್ತಾ? ಮೊದಲು ಆ ಕಾರಣಾನ ಆಚೆ ಹಾಕಿ ಕದ ಹಾಕು! ಮತ್ತೆ ಒಳಗೆ ಬಿಟ್ಟೀಯಾ, ಹುಷಾರ್!"

ಆಗಲಿ ಅಂದ. ಸಾವ್ಕಾರನನ್ನು ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡ, ಬೀದಿಯಲ್ಲಿ ಇಳಿಸಿದ, ಕದ ಹಾಕಿ ಅಗುಳಿ ಜಡಿದ.

ಬುತ್ತಿ ತಂದ ದುರುಗವ್ವ ಬೀದಿಯಲ್ಲೇ ಕೂಗಿದಳು. "ಅಯ್ಯೋ ಮಗನೇ! ಸಾವ್ಕಾರ್ರು ಹೊರಗಿದ್ದಾರೆ, ಕದ ತೆಗಿಯೋ!"

"ತೆಗಿಯಲ್ಲ ಕಣವ್ವಾ! ಕಾರಣಾನ ಒಳಗೆ ಬಿಡಬೇಡ ಅಂತ ಸಾವ್ಕಾರ್ರೇ ಹೇಳಿದ್ದಾರೆ. ಅದನ್ನ ಹಿಂದಕ್ಕೆ ತಳ್ಳಿ, ಬುತ್ತೀನ ಕಿಟಕೀಲಿ ಕೊಡು!"