ಕೆಂಪು ಬೊಟ್ಟು

ಹೊಳೆಯ ದಂಡೆಯಲ್ಲಿ ಒಂದು ಹೊಂಗೆ ಮರ. ಮರದ ಕೆಳಗೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡುವ ರುದ್ರಾಚಾರ್ರು.

ಬೋರ್ಡು ಗೀರ್ಡು ಏನೂ ಇರಲಿಲ್ಲ. ಬೇಕಾದವರು ದಾರಿ ಕೇಳಿಕೊಂಡು ಬರುತ್ತಿದ್ದರು.

ಆಚಾರ್ರದು ಒಂದು ಪದ್ಧತಿ. ಕೆಲಸ ಮುಗಿದ ಮೇಲೆ ಜೇಬಿನಿಂದ ಉಗುರುಬಣ್ಣದ ಪುಟ್ಟ ಸೀಸೆ ತೆಗೆದು, ತಾವು ಬಿಗಿದ ಕಡೆ ಒಂದು ಕೆಂಪು ಬೊಟ್ಟು ಇಡುತ್ತಿದ್ದರು. ಇಷ್ಟು ದಪ್ಪ ಮೀಸೆಯ ಗಂಡಸಿನ ಜೇಬಿನಲ್ಲಿ ಉಗುರುಬಣ್ಣ ಕಂಡು ಹೊಸಬರು ಕಿಸಕ್ಕೆಂದು ನಗುತ್ತಿದ್ದರು. ಕಾರು ಓಡಿದ ಮೇಲೆ ಸುಮ್ಮನಾಗುತ್ತಿದ್ದರು.

ಶಿಷ್ಯ ತಿಪ್ಪೇಶಿ ಮಾತ್ರ ಎಂದೂ ನಕ್ಕವನಲ್ಲ. ಆ ಬೊಟ್ಟು ಕಂಡರೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಅಲ್ಲೇ ಕೆಲಸ ಕಲಿತು, ಅಲ್ಲಿಂದಲೇ ಮದುವೆಯ ಹಸೆಗೆ ಹೋಗಿ ಬಂದವನು. ಅವನಿಗೀಗ ತನ್ನದೇ ಗ್ಯಾರೇಜು ಹಾಕುವ ಆಸೆ ಹುಟ್ಟಿತ್ತು. ಧೈರ್ಯ ಮಾತ್ರ ಹುಟ್ಟಿರಲಿಲ್ಲ.

“ಗುರುಗಳೇ, ನಾನು ಒಬ್ನೇ ನಿಲ್ಲಬಲ್ಲೆನಾ?” ಎಂದು ಒಂದು ಬೆಳಿಗ್ಗೆ ಕೇಳಿಯೇಬಿಟ್ಟ.

ಆಚಾರ್ರು ಮೂಲೆಯತ್ತ ಗದ್ದ ಎತ್ತಿ ತೋರಿಸಿದರು.

ಅಲ್ಲೊಂದು ಹಳೆಯ ಸ್ಪೋರ್ಟ್ಸ್ ಕಾರು ನಿಂತಿತ್ತು. ಹಸಿರು ಬಣ್ಣ, ಉದ್ದ ಬಾನೆಟ್ಟು, ಎರಡೇ ಸೀಟು. ಊರಿನ ಡಾಕ್ಟರಮ್ಮನಿಗೆ ಅವರ ತಂದೆಯಿಂದ ಬಂದದ್ದು. ಸಮ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹೊಳೆಯಾಚೆಯ ದಿಬ್ಬ ಹತ್ತುವಾಗ ಮಾತ್ರ ಅರ್ಧದಲ್ಲೇ ಕೆಮ್ಮಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

“ಇದನ್ನ ದಿಬ್ಬ ಹತ್ಸು. ಹತ್ತಿದ ದಿನ ನೀನು ಹೊರಡಬಹುದು.”

ತಿಪ್ಪೇಶಿ ಅಂದೇ ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲು ಚಿಮ್ಮುವ ಜೆಟ್ಟುಗಳನ್ನು ಊದಿ ತೊಳೆದ. ಸವೆದ ಸೂಜಿಯನ್ನು ತೆಗೆದು ಹೊಸದು ಹಾಕಿದ. ಹುರುಪಿನಿಂದ ದಿಬ್ಬದ ಕಡೆ ಹೋದವನು ಮೋರೆ ಇಳಿಬಿಟ್ಟುಕೊಂಡು ಬಂದ.

“ನಿಂತುಬಿಡ್ತು ಗುರುಗಳೇ.”

“ಕಾರ್ಬುರೇಟರೇ ಕೆಟ್ಟೈತೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಸಾಮಾನ್ಯವಾಗಿ ಅಲ್ಲೇ ಇರ್ತೈತಲ್ಲ.”

“ಸಾಮಾನ್ಯವಾಗಿ ಅನ್ನೋ ಕಾರು ನಮ್ಮ ಶೆಡ್ಡಿಗೆ ಯಾವತ್ತೂ ಬಂದಿಲ್ಲ ಕಣಪ್ಪಾ.”

ಮರುದಿನ ಫಿಲ್ಟರ್ ಬದಲಾಯಿತು. ಆಮೇಲೆ ಪೆಟ್ರೋಲ್ ಪಂಪನ್ನು ಇದ್ದಲ್ಲೇ ತೆರೆದು ಒಳಗಿನ ಪರದೆಯನ್ನೂ ಹೊಸದು ಹಾಕಿದ. ಟ್ಯಾಂಕ್ ಇಳಿಸಿ ತಳದ ತುಕ್ಕು ತೊಳೆದ. ಮುಚ್ಚಳದ ಗಾಳಿತೂತಿಗೆ ತಂತಿ ತೂರಿಸಿ ನೋಡಿದ.

ಪ್ರತಿ ಸಲವೂ ಅದೇ ದಿಬ್ಬ, ಅದೇ ತಿರುವು, ಅದೇ ಕೆಮ್ಮು.

ತಿರುವಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಕರಿಯಜ್ಜನಿಗೆ ಇದೊಂದು ಒಳ್ಳೇ ಮೋಜಾಯಿತು. “ಏನಪಾ ತಿಪ್ಪೇಶಿ, ನಮ್ಮ ಎಮ್ಮೆ ಹೂಡ್ಲೇನು? ಇದು ಕೆಮ್ಮಲ್ಲ ನೋಡು.”

ತಿಪ್ಪೇಶಿಗೆ ನಗು ಬರಲಿಲ್ಲ. ಕಾರನ್ನು ಹಿಂದಕ್ಕೆ ಇಳಿಸಿಕೊಂಡು ಬಂದು, ಕೈಗೆ ಹತ್ತಿದ ಗ್ರೀಸನ್ನೂ ತೊಳೆಯದೆ ಹೊಳೆಯ ದಂಡೆಯಲ್ಲಿ ಕೂತುಬಿಟ್ಟ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಆಚಾರ್ರು ಬಂದು ಪಕ್ಕದಲ್ಲಿ ಕೂತರು.

“ಗ್ಯಾರೇಜಿನ ಮಾತು ಬಿಟ್ಬಿಡಿ ಗುರುಗಳೇ. ನಿಮ್ಮ ಸ್ಪ್ಯಾನರ್ ಒರೆಸಿಕೊಂಡು ಇಲ್ಲೇ ಇದ್ಬಿಡ್ತೀನಿ. ನನ್ನ ಯೋಗ್ಯತೆ ಅಷ್ಟೇ.”

“ಎಲ್ಲಾ ನೋಡಿದೆಯಾ?”

“ಎಲ್ಲಾ ನೋಡೀನಿ.”

“ಎಲ್ಲಾ?”

“ಎಲ್ಲಾ ಅಂದ್ರೆ ಎಲ್ಲಾ!”

“ಹಂಗಾದ್ರೆ ಏಳು. ಈಗ ನೀನೇ ಪೆಟ್ರೋಲು.”

ತಿಪ್ಪೇಶಿ ಮಿಕಿಮಿಕಿ ನೋಡಿದ.

“ಟ್ಯಾಂಕಿನಿಂದ ಹೊರಡು. ಎಂಜಿನ್ ತನಕ ಬೆರಳಲ್ಲಿ ನಡ್ಕೊಂಡು ಬಾ.”

ಹಗಲು ಹೊತ್ತಿನಲ್ಲಿ ಇದೆಂಥ ಮಕ್ಕಳಾಟ ಎಂದುಕೊಂಡರೂ ತಿಪ್ಪೇಶಿ ಎದ್ದ. ಕಾರಿನ ಕೆಳಗೆ ನುಗ್ಗಿ, ಟ್ಯಾಂಕಿನಿಂದ ಕೊಳವೆ ಹೊರಡುವಲ್ಲಿ ಬೆರಳು ಇಟ್ಟ. ಬೆರಳು ಉಕ್ಕಿನ ಕೊಳವೆಯ ಮೇಲೆ ಜಾರುತ್ತಾ ಮುಂದಕ್ಕೆ ಬಂತು. ಅವನು ಎದ್ದು ಬಾನೆಟ್ಟಿನೊಳಗೆ ಬಗ್ಗಿ ಅಲ್ಲಿಂದ ಮುಂದುವರಿಸಿದ. ಪಂಪು, ಫಿಲ್ಟರ್, ಕಾರ್ಬುರೇಟರ್.

“ಬಂದೆ.”

“ಇನ್ನೊಂದ್ಸಲ ಬಾ.”

ಇನ್ನೊಂದು ಸಲ ಬಂದ. ಉಕ್ಕಿನ ಕೊಳವೆ ಮುಗಿದು ಪಂಪು ಶುರುವಾಗುವ ಮುನ್ನ ಆಚಾರ್ರು ಅವನ ಮಣಿಕಟ್ಟು ಹಿಡಿದರು.

“ಇಲ್ಲಿ ಯಾಕೆ ಹಾರಿದೆ?”

ತಾನು ಹಾರಿದ್ದು ತಿಪ್ಪೇಶಿಗೇ ಗೊತ್ತಿರಲಿಲ್ಲ. ಬಗ್ಗಿ ನೋಡಿದ. ಕೊಳವೆಗೂ ಪಂಪಿಗೂ ನಡುವೆ ಗೇಣುದ್ದದ ರಬ್ಬರ್ ಪೈಪು. ಪೈಪಿನ ಕ್ಲಿಪ್ಪಿನ ಮೇಲೆ, ಬಣ್ಣ ಮಾಸಿದ ಕೆಂಪು ಬೊಟ್ಟು.

“ಅದು… ನೀವು ಹಾಕಿದ್ದು ಗುರುಗಳೇ.”

“ಪೆಟ್ರೋಲಿಗೆ ಅದು ಗೊತ್ತೈತಾ?”

ಆಚಾರ್ರು ಸ್ಕ್ರೂಡ್ರೈವರ್ ಕೊಟ್ಟರು.

“ಬಿಚ್ಚು.”

ಬೇರೆಯವರ ಎಂಜಿನ್‌ಗಳನ್ನೇ ಬಿಚ್ಚಿ ಹರವಿದ ಕೈ, ಆ ಒಂದು ಕ್ಲಿಪ್ಪನ್ನು ಸಡಿಲಿಸುವ ಮುನ್ನ ಎರಡು ಸಲ ಅಂಗಿಗೆ ಒರೆಸಿಕೊಂಡಿತು. ಪೈಪು ಹೊರಗೆ ಬಂತು. ಮೇಲೆ ಒಂದು ಬಿರುಕೂ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಆಚೆಯ ಹೊಳೆ ಕಾಣುತ್ತಿತ್ತು. ತಿಪ್ಪೇಶಿಗೆ ಜೀವ ಬಂದ ಹಾಗಾಯಿತು.

“ನೋಡಿ, ಸರಿಯಾಗೇ ಐತೆ!”

“ಚೆನ್ನಾಗಿ ಒರೆಸಿ ಬಾಯಿಗಿಟ್ಟು ಮೆಲ್ಲಗೆ ಎಳಿ.”

ಎಳೆದ. ಗಾಳಿ ಬಂತು.

“ಈಗ ದಿಬ್ಬ ಹತ್ತೋ ಹಂಗೆ ಎಳಿ.”

ಜೋರಾಗಿ ಎಳೆದ. ಒಳಗೆ ಏನೋ ಪಟಕ್ಕೆಂದು ಮುಚ್ಚಿಕೊಂಡಿತು. ಕೆನ್ನೆ ಒಳಗೆ ಹೋಯಿತೇ ಹೊರತು ಗಾಳಿ ಬರಲಿಲ್ಲ. ಬಾಯಿ ಬಿಟ್ಟ ಮೇಲೆ ಪೈಪು ಮತ್ತೆ ತೆರೆದುಕೊಂಡಿತು.

ಆಚಾರ್ರು ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿದರು. ಒಳಗಿನ ಪದರ ಸುಲಿದು ನಾಲಿಗೆಯಂತೆ ಜೋತುಬಿದ್ದಿತ್ತು. ಎಂಜಿನ್ ಹೆಚ್ಚು ಪೆಟ್ರೋಲು ಕೇಳಿದಾಗಲೆಲ್ಲ ಅದೇ ಅಡ್ಡ ಬಂದು ಬಾಯಿ ಮುಚ್ಚುತ್ತಿತ್ತು.

“ಹಾಕಿದಾಗ ಒಳ್ಳೇ ಪೈಪೇ ಇದು. ಆಗಿನ ಪೆಟ್ರೋಲು ಬೇರೆ, ಈಗಿನದು ಬೇರೆ. ಈಗಿನದಕ್ಕೆ ಆಗಿನ ರಬ್ಬರ್ ತಡೆಯಲ್ಲ.”

“ನಿಮಗೆ ಮೊದಲೇ ಗೊತ್ತಿತ್ತಾ?”

“ಅನುಮಾನ ಇತ್ತು.”

ತಿಪ್ಪೇಶಿಗೆ ಸಿಟ್ಟು ನೆತ್ತಿಗೇರಿತು. ಗುರುವಿನ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು. “ಎಮ್ಮೆ ಕಾಯೋ ಅಜ್ಜನ ಕೈಲೂ ಅನ್ನಿಸಿಕೊಂಡೆ! ಒಂದು ಮಾತು ಹೇಳಬಾರ್ದಿತ್ತಾ?”

“ಹೇಳಿದ್ರೆ ಪೈಪು ಬದಲಾಗ್ತಿತ್ತು,” ಅಂದರು ಆಚಾರ್ರು. “ಅಷ್ಟೇ ಆಗ್ತಿತ್ತು.”

ಈಗಿನ ಪೆಟ್ರೋಲಿಗೆ ತಡೆಯುವ ಹೊಸ ಪೈಪನ್ನು ತಿಪ್ಪೇಶಿ ತಾನೇ ಕತ್ತರಿಸಿ, ತಾನೇ ಬಿಗಿದ. ಆಚಾರ್ರು ಪಕ್ಕದ ಸೀಟಿನಲ್ಲಿ ಕೂತು ಟವೆಲನ್ನು ತಲೆಗೆ ಸುತ್ತಿಕೊಂಡರು. ಟಾಪು ತೆಗೆದ ಕಾರಿನಲ್ಲಿ ಗಾಳಿ ಜಾಸ್ತಿ.

ತಿರುವು ಬಂತು. ತಿಪ್ಪೇಶಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದ. ಕಾರು ಕೆಮ್ಮಲಿಲ್ಲ. ಕರಿಯಜ್ಜ ಕೋಲು ಎತ್ತಿ ಏನೋ ಕೂಗಿದ. ಏನೆಂದು ಕೇಳಿಸುವಷ್ಟರಲ್ಲಿ ಅವನೂ ಎಮ್ಮೆಗಳೂ ಹಿಂದೆ ಉಳಿದಿದ್ದರು.

ದಿಬ್ಬದ ನೆತ್ತಿಯಲ್ಲಿ ಕಾರು ನಿಲ್ಲಿಸಿದಾಗ ತಿಪ್ಪೇಶಿ ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು. ಕೆಳಗೆ ಹೊಳೆ, ಹೊಂಗೆ ಮರ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಶೆಡ್ಡು ಕಾಣುತ್ತಿದ್ದವು.

ಅವನು ಇಳಿದು ಬಾನೆಟ್ಟು ಎತ್ತಿದ.

“ಬೊಟ್ಟು ಇಡಿ ಗುರುಗಳೇ.”

ಆಚಾರ್ರು ಜೇಬಿನಿಂದ ಸೀಸೆ ತೆಗೆದು ಅವನ ಕೈಗೇ ಕೊಟ್ಟರು.

“ಬಿಗಿದೋನು ನೀನು.”

ತಿಪ್ಪೇಶಿ ಬಗ್ಗಿ, ಕ್ಲಿಪ್ಪಿನ ಮೇಲೆ ತನ್ನ ಮೊದಲ ಬೊಟ್ಟು ಇಟ್ಟ. ಸ್ವಲ್ಪ ಸೊಟ್ಟಗಾಯಿತು. ಒಣಗಲಿ ಎಂದು ಊದುತ್ತಾ ನಿಂತವನು ತಲೆಯೆತ್ತಿದ.

“ಬೊಟ್ಟಿಟ್ಟ ಮೇಲೆ ಯಾರೂ ಮುಟ್ಟಬಾರದು ಅಂತ ಅಂದ್ಕೊಂಡಿದ್ದೆ.”

“ನಾನು ಹಂಗಂತ ಯಾವತ್ತಾದ್ರೂ ಹೇಳಿದ್ನಾ?”

“ಇಲ್ಲ. ಮತ್ಯಾಕೆ ಇಡ್ತಿದ್ರಿ?”

ಆಚಾರ್ರು ಸೀಸೆಯ ಮುಚ್ಚಳ ತಿರುಗಿಸಿ ಬಿಗಿದು, ಅದನ್ನು ಶಿಷ್ಯನ ಜೇಬಿಗೆ ಹಾಕಿದರು.

“ಗಾಡಿ ಕೆಟ್ರೆ ಮೊದಲು ನನ್ನ ಕೆಲಸಾನೇ ಬಿಚ್ಚಿ ನೋಡ್ಲಿ ಅಂತ.”